ಬೆಂಗಳೂರಿನ ವರ್ಷಾವಧಿ ಉತ್ಸವಗಳು: ನಗರಚರಿತ್ರೆಯ ಆಕರಗಳಾಗಿ ಒಂದು ಪರಿಶೀಲನೆ

ನಗರವೊಂದರ ಚರಿತ್ರೆಯನ್ನು ಬರೆಯಹೊರಟವನು ಸಾಮಾನ್ಯವಾಗಿ ಮೊರೆಹೋಗುವ ಆಕರಗಳು ಮೂರು ಬಗೆಯವು: ಶಿಲಾತಾಮ್ರಶಾಸನಗಳು, ಆಳರಸರ ಮತ್ತು ಸರ್ಕಾರದ ಕಾಗದಪತ್ರಗಳು, ಪರಸ್ಥಳಗಳಿಂದ ಬಂದ ಪ್ರವಾಸಿಗರ ಬರಹಗಳು. ಇವುಗಳ ಪ್ರಾಮುಖ್ಯವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಈ ಮೂರು ಬಗೆಯ ಆಕರಗಳಲ್ಲಿಯೂ ಒಂದು ಕೊರತೆಯುಂಟು. ಕೋಟೆಯನ್ನು ಕಟ್ಟಿಸಿದವನ ಹೆಸರು ಅವುಗಳಲ್ಲಿ ದೊರೆಯುತ್ತದೆ. ಕೋಟೆಯೊಳಗಿನ ಪೇಟೆಗೆ ಪ್ರತಿದಿನ ಬೆಳಗ್ಗೆ ಸೊಪ್ಪು ತರಕಾರಿಗಳನ್ನು ಹೊತ್ತು ತಂದವನ ಹೆಸರು ದೊರೆಯುವುದಿಲ್ಲ. ಕೆರೆಯನ್ನು ತೋಡಿಸಿದ ಪುಣ್ಯ ದಾಖಲಾಗುತ್ತದೆ. ಆ ಕೆರೆಯ ನೀರಿನಿಂದ ಬದುಕಿದವರ ಬಾಳು ದಾಖಲಾಗುವುದಿಲ್ಲ. ಇಂಥವರ ಚರಿತ್ರೆಗೆ ಆಧಾರವೆಲ್ಲಿ ಎಂಬ ಪ್ರಶ್ನೆಗೆ ಒಂದು ಉತ್ತರ, ವರ್ಷಕ್ಕೊಮ್ಮೆ ತಪ್ಪದೆ ನಡೆದುಬಂದಿರುವ ಉತ್ಸವಗಳಲ್ಲಿ ಎಂಬುದಾಗಿದೆ. ಬೆಂಗಳೂರು ನಗರದ ಕೆಲವು ಉತ್ಸವಗಳನ್ನು ಈ ದೃಷ್ಟಿಯಿಂದ ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಉತ್ಸವವನ್ನು ಆಕರವಾಗಿ ಬಳಸುವವನು ಮೊದಲು ಒಂದು ಎಚ್ಚರಿಕೆಯನ್ನು ಹೇಳಿಕೊಳ್ಳಬೇಕು. ಪ್ರತಿಯೊಂದು ಉತ್ಸವಕ್ಕೂ ಒಂದು ಐತಿಹ್ಯವಿರುತ್ತದೆ. ಐತಿಹ್ಯವೇ ಇತಿಹಾಸವಲ್ಲ. ಬೆಂಗಳೂರಿನ ಹೆಸರಿನ ವಿಷಯವನ್ನೇ ನೋಡೋಣ. ಹೊಯ್ಸಳ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳುಗಳನ್ನು ಕೊಟ್ಟು ಹಸಿವು ತಣಿಸಿದಳೆಂದೂ, ಆ ಕಾರಣದಿಂದ ಸ್ಥಳಕ್ಕೆ ‘ಬೆಂದಕಾಳೂರು’ ಎಂಬ ಹೆಸರು ಬಂದು ಅದೇ ಬೆಂಗಳೂರಾಯಿತೆಂದೂ ಹೇಳುವ ಕಥೆ ಸರ್ವವಿದಿತವಾದುದು. ಆದರೆ ಬೇಗೂರಿನ ನಾಗೇಶ್ವರ ದೇವಾಲಯದಲ್ಲಿ ದೊರೆತ, ಕ್ರಿ.ಶ. 890ರ ಸುಮಾರಿನ ಗಂಗರ ಕಾಲದ ವೀರಗಲ್ಲಿನ ಶಾಸನದಲ್ಲಿ ಬೆಂಗಳೂರಿನಲ್ಲಿ ನಡೆದ ಕಾಳಗದ ಪ್ರಸ್ತಾಪವಿದೆ. ಹೊಯ್ಸಳ ಬಲ್ಲಾಳರಿಗಿಂತ ಶತಮಾನಗಳ ಹಿಂದೆಯೇ ಈ ಹೆಸರು ಬಳಕೆಯಲ್ಲಿತ್ತೆಂಬುದು ಇದರಿಂದ ನಿರ್ವಿವಾದ. ಕಥೆ ಬಿದ್ದುಹೋಯಿತು, ಹೆಸರು ಮಾತ್ರ ಇನ್ನೂ ಪ್ರಾಚೀನವೆಂದು ತಿಳಿಯಿತು. ಐತಿಹ್ಯವನ್ನು ಪರೀಕ್ಷಿಸುವುದರಿಂದ ಚರಿತ್ರೆಗೆ ಹಾನಿಯಿಲ್ಲ, ಲಾಭವೇ ಉಂಟು ಎಂಬುದಕ್ಕೆ ಇದೊಂದು ನಿದರ್ಶನ.

ಆದುದರಿಂದ ಪ್ರತಿಯೊಂದು ಉತ್ಸವಕ್ಕೂ ನಾವು ಮೂರು ಪ್ರಶ್ನೆಗಳನ್ನು ಹಾಕುವುದು ಉಚಿತ. ಅದು ಯಾವ ಸ್ಥಳದಲ್ಲಿ, ಯಾವ ಮಾರ್ಗದಲ್ಲಿ ನಡೆಯುತ್ತದೆ? ಅದನ್ನು ನಡೆಸುವ ಹಕ್ಕು ಯಾರದು? ಅದು ಯಾವ ಕಾಲಗಣನೆಯನ್ನು ಅನುಸರಿಸುತ್ತದೆ? ಜನ ಹೇಳುವ ಕಥೆ ತಲೆಮಾರಿನಿಂದ ತಲೆಮಾರಿಗೆ ಬದಲಾಗಬಹುದು. ಸ್ಥಳ, ಹಕ್ಕು, ತಿಥಿ ಈ ಮೂರು ಅಷ್ಟು ಸುಲಭವಾಗಿ ಬದಲಾಗುವುದಿಲ್ಲ.

1. ಕರಗ: ಪೇಟೆ ಮತ್ತು ಕೆರೆ

ಬೆಂಗಳೂರು ಕರಗವು ಚೈತ್ರಮಾಸದಲ್ಲಿ ನಡೆದು ಹುಣ್ಣಿಮೆಯ ರಾತ್ರಿ ತನ್ನ ಪರಾಕಾಷ್ಠೆಯನ್ನು ಮುಟ್ಟುವ ಉತ್ಸವ. ಇದರ ಕೇಂದ್ರ ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಾಲಯ. ಇದನ್ನು ನಡೆಸುವವರು ವಹ್ನಿಕುಲ ಕ್ಷತ್ರಿಯರೆಂದು ತಮ್ಮನ್ನು ಕರೆದುಕೊಳ್ಳುವ ತಿಗಳರು. ಪರಂಪರೆಯಿಂದ ಹೂವು, ಹಣ್ಣು, ತರಕಾರಿಗಳ ತೋಟಗಾರಿಕೆಯೇ ಇವರ ಕಸುಬು. ದ್ರೌಪದಿ ಇವರಿಗೆ ಆದಿಶಕ್ತಿ. ಕುರುಕ್ಷೇತ್ರದ ಯುದ್ಧಾನಂತರ ಪಾಂಡವರು ಸ್ವರ್ಗಾರೋಹಣ ಮಾಡುತ್ತಿದ್ದಾಗ ಹಿಂದೆ ಉಳಿದ ದ್ರೌಪದಿಯು ತಿಮಿರಾಸುರನನ್ನು ಎದುರಿಸಲು ವೀರಕುಮಾರರನ್ನು ಸೃಷ್ಟಿಸಿದಳೆಂದೂ, ಅವರನ್ನು ಅಗಲುವಾಗ ವರ್ಷಕ್ಕೊಮ್ಮೆ ಬರುವುದಾಗಿ ಮಾತು ಕೊಟ್ಟಳೆಂದೂ ಐತಿಹ್ಯ. ಹೂವಿನಿಂದ ಗೋಪುರಾಕಾರವಾಗಿ ಅಲಂಕೃತವಾದ ಕರಗವನ್ನು ಸ್ತ್ರೀವೇಷಧಾರಿಯಾದ ಅರ್ಚಕನು ಕೈಯಿಂದ ಮುಟ್ಟದೆ ಶಿರಸ್ಸಿನ ಮೇಲೆ ಧರಿಸಿ, ಖಡ್ಗಧಾರಿಗಳಾದ ವೀರಕುಮಾರರ ನಡುವೆ, ‘ಗೋವಿಂದ’ ನಾಮಘೋಷದೊಡನೆ ರಾತ್ರಿಯಿಡೀ ಪೇಟೆಯ ಬೀದಿಗಳಲ್ಲಿ ಸಂಚರಿಸಿ ಗುಡಿಗೆ ಹಿಂದಿರುಗುತ್ತಾನೆ.

ಈ ಸಂಚಾರದ ಮಾರ್ಗವು ಚರಿತ್ರಕಾರನ ಗಮನಕ್ಕೆ ಅರ್ಹವಾದುದು. ಮೊದಲನೆಯ ಕೆಂಪೇಗೌಡನು 1537ರಲ್ಲಿ ನಿರ್ಮಿಸಿದನೆಂದು ಪ್ರಸಿದ್ಧವಾಗಿರುವ ಪೇಟೆಯು ಮಣ್ಣಿನ ಗೋಡೆ, ಕಂದಕಗಳಿಂದ ಸುತ್ತುವರಿದಿತ್ತು. 1791ರ ಮಾರ್ಚಿ ತಿಂಗಳಲ್ಲಿ ಕಾರ್ನ್‌ವಾಲಿಸನ ಸೈನ್ಯವು ಮೊದಲು ಪೇಟೆಯನ್ನೂ, ಅನಂತರ ಕೋಟೆಯನ್ನೂ ಹಿಡಿಯಿತು. ಪೇಟೆಯ ಸುತ್ತಣ ಗೋಡೆ ಈಗ ಇಲ್ಲ, ಕಂದಕವೂ ಮುಚ್ಚಿಹೋಗಿದೆ. ಆದರೆ ಕರಗವು ಇಂದಿಗೂ ಸಂಚರಿಸುವುದು ಬಹುಮಟ್ಟಿಗೆ ಆ ಹಳೆಯ ಪೇಟೆಯ ಕೇರಿಗಳಲ್ಲಿಯೇ: ನಗರ್ತಪೇಟೆ, ಹಿಂದೆ ದೊಡ್ಡಪೇಟೆಯೆನಿಸಿದ್ದ ಅವೆನ್ಯೂ ರಸ್ತೆ, ಚಿಕ್ಕಪೇಟೆ, ಕಾಟನ್‌ಪೇಟೆ. ಬೆಂಗಳೂರು ನಾಲ್ಕು ದಿಕ್ಕಿಗೂ ಹತ್ತಾರು ಮೈಲಿ ಬೆಳೆದಿದ್ದರೂ ದೇವಿಯ ಪಾಲಿಗೆ ಊರೆಂದರೆ ಈ ಪೇಟೆಯೇ. ಭೂಪಟದಲ್ಲಿ ಅಳಿಸಿಹೋದ ಎಲ್ಲೆಯನ್ನು ಪ್ರತಿವರ್ಷವೂ ಒಂದು ರಾತ್ರಿ ಕಾಲುಗಳು ಮರಳಿ ಗುರುತಿಸುತ್ತವೆ.

ಈ ಮಾರ್ಗದಲ್ಲಿ ಕರಗವು ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಭೇಟಿ ಕೊಡುವುದು ಸರ್ವಪ್ರಸಿದ್ಧ. ಈ ಸೂಫಿ ಸಂತರು ಹೈದರ್ ಅಲಿಯ ಕಾಲದವರೆಂದು ಪ್ರತೀತಿ. ಈ ಪದ್ಧತಿಯನ್ನು ಹಿಂದೂ ಮುಸಲ್ಮಾನರ ಸೌಹಾರ್ದದ ಸಂಕೇತವೆಂದು ಭಾಷಣಗಳಲ್ಲಿ ಕೊಂಡಾಡುವುದುಂಟು. ಅದು ಸತ್ಯವೇ. ಆದರೆ ಚರಿತ್ರೆಯ ವಿದ್ಯಾರ್ಥಿ ಅಷ್ಟಕ್ಕೇ ತೃಪ್ತನಾಗಬಾರದು. ಪ್ರತೀತಿಯನ್ನು ಒಪ್ಪುವುದಾದರೆ, ಕರಗದ ಮಾರ್ಗವು 18ನೆಯ ಶತಮಾನದ ಉತ್ತರಾರ್ಧದಲ್ಲಿಯೋ ಅದರ ಅನಂತರವೋ ಒಂದು ಹೊಸ ನಿಲುಗಡೆಯನ್ನು ತನ್ನಲ್ಲಿ ಸೇರಿಸಿಕೊಂಡಿತೆಂದು ಸಿದ್ಧವಾಗುತ್ತದೆ. ಅಂದರೆ ‘ಅನಾದಿಕಾಲದಿಂದ ಒಂದೇ ರೀತಿ ನಡೆದುಬಂದಿದೆ’ ಎನ್ನುವ ಆಚರಣೆಯೂ ಊರು ಬೆಳೆದಂತೆ ಊರಿನ ಹೊಸ ಪೂಜ್ಯಸ್ಥಾನಗಳಿಗೆ ಎಡೆಮಾಡಿಕೊಟ್ಟಿದೆ. ಸಂಪ್ರದಾಯವು ಜಡವಲ್ಲವೆಂಬುದನ್ನು ತೋರಿಸಲು ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಾಗಿಲ್ಲ.

ಇನ್ನು ಕೆರೆಯ ವಿಷಯ. ಕರಗದ ಪೂರ್ವಾಂಗವಾದ ಹಸಿಕರಗದ ವಿಧಿಗಳಿಗೂ ಸಂಪಂಗಿ ಕೆರೆಗೂ ನಿಕಟವಾದ ಸಂಬಂಧ. ಈ ಕೆರೆಯು ಒಂದು ಕಾಲದಲ್ಲಿ ಪೇಟೆಗೂ ದಂಡಿಗೂ ನಡುವೆ ವಿಸ್ತಾರವಾಗಿ ಹರಡಿಕೊಂಡಿತ್ತು. ತಿಗಳರ ತೋಟಗಳಿಗೆ ಇಂಥ ಕೆರೆಗಳ ನೀರೇ ಜೀವಾಳ. 1896ರಲ್ಲಿ ಹೆಸರಘಟ್ಟದಿಂದ ಕೊಳವೆಗಳ ಮೂಲಕ ನಗರಕ್ಕೆ ನೀರು ಬಂದ ಮೇಲೆ ಊರೊಳಗಿನ ಕೆರೆಗಳ ಅವಶ್ಯಕತೆ ಕುಗ್ಗಿತು. ನೀರಿಗಾಗಿ ಕೆರೆಯನ್ನು ನೆಚ್ಚಬೇಕಾಗಿಲ್ಲದ ನಗರಕ್ಕೆ ಕೆರೆಯಂಗಳವು ಬರಿಯ ನೆಲವಾಗಿ ಕಂಡಿತು. ಧರ್ಮಾಂಬುಧಿ ಕೆರೆಯಿದ್ದ ಸ್ಥಳದಲ್ಲಿ ಬಸ್ಸು ನಿಲ್ದಾಣ ಬಂದಿತು; ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು. ಆದರೆ ಕ್ರೀಡಾಂಗಣದ ಪಕ್ಕದಲ್ಲಿ ಒಂದು ಸಣ್ಣ ಕೊಳ ಉಳಿದುಕೊಂಡಿದೆ. ಅದು ಉಳಿದಿರುವುದಕ್ಕೆ ಕಾರಣ ನಗರದ ನೀರಿನ ಅಗತ್ಯವಲ್ಲ, ಕರಗದ ಅಗತ್ಯ. ಧರ್ಮಾಂಬುಧಿಗೆ ಇಂಥ ಹಕ್ಕುದಾರರು ಇರಲಿಲ್ಲ. ಅದರ ಗುರುತಿಗೆ ಹೆಸರು ಮಾತ್ರ ಉಳಿಯಿತು. ಎರಡು ಕೆರೆಗಳ ಈ ಭಿನ್ನಗತಿಯು ಚಿಂತನಾರ್ಹವಾದುದು. ಕಾಗದದ ಮೇಲಿನ ಹಕ್ಕು ಸೋತ ಕಡೆಯಲ್ಲಿ ಆಚರಣೆಯ ಹಕ್ಕು, ಅಲ್ಪಪ್ರಮಾಣದಲ್ಲಾದರೂ, ಗೆದ್ದಿತು.

2. ಕಡಲೆಕಾಯಿ ಪರಿಷೆ: ಹೊಲ ಮತ್ತು ಬಡಾವಣೆ

ಕಾರ್ತಿಕಮಾಸದ ಕಡೆಯ ಸೋಮವಾರ ಬಸವನಗುಡಿಯ ದೊಡ್ಡಬಸವಣ್ಣನ ಗುಡಿಯ ಮುಂದೆ ನೆರೆಯುವ ಕಡಲೆಕಾಯಿ ಪರಿಷೆಯು ಇನ್ನೊಂದು ಬಗೆಯ ಸಾಕ್ಷ್ಯವನ್ನು ನೀಡುತ್ತದೆ. ಸುಂಕೇನಹಳ್ಳಿ, ಗವೀಪುರ, ಮಾವಳ್ಳಿ, ಗುಟ್ಟಹಳ್ಳಿ, ಹೊಸಕೆರೆಹಳ್ಳಿ ಮೊದಲಾದ ಗ್ರಾಮಗಳ ರೈತರು ಬೆಳೆದ ಕಡಲೆಕಾಯಿಯನ್ನು ರಾತ್ರಿಯ ವೇಳೆ ಬಸವನೊಂದು ಬಂದು ಮೇಯುತ್ತಿತ್ತೆಂದೂ, ಕಾದು ಕುಳಿತ ರೈತನು ಹೊಡೆಯಲು ಅದು ಕಲ್ಲಾಯಿತೆಂದೂ, ತಪ್ಪನ್ನರಿತ ರೈತರು ಅಂದಿನಿಂದ ಮೊದಲ ಫಸಲನ್ನು ಬಸವನಿಗೆ ಅರ್ಪಿಸುವ ಹರಕೆ ಹೊತ್ತರೆಂದೂ ಕಥೆಯಿದೆ. ಸುಮಾರು 15 ಅಡಿ ಎತ್ತರದ ಏಕಶಿಲಾ ನಂದಿಯ ಈ ಗುಡಿಯನ್ನು ಕೆಂಪೇಗೌಡನು ಕಟ್ಟಿಸಿದನೆಂದೂ, ಪರಿಷೆಯು ಅಂದಿನಿಂದ ನಡೆಯುತ್ತಿದೆಯೆಂದೂ ಸಾಮಾನ್ಯವಾಗಿ ಹೇಳಲಾಗುತ್ತದೆ.

ಈ ಹೇಳಿಕೆಯ ಎರಡನೆಯ ಭಾಗವನ್ನು ಒಪ್ಪುವುದಕ್ಕೆ ಒಂದು ತೊಡಕುಂಟು. ಕಡಲೆಕಾಯಿ ಭಾರತದ ಮೂಲದ ಬೆಳೆಯಲ್ಲ. ದಕ್ಷಿಣ ಅಮೆರಿಕಾ ಖಂಡದ್ದು. ಕೊಲಂಬಸನು 1492ರಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟಿದ ಮೇಲೆಯೇ ಆ ಬೆಳೆ ಪ್ರಪಂಚದ ಈ ಭಾಗಕ್ಕೆ ಬರಲು ಸಾಧ್ಯವಾಯಿತು. ದಕ್ಷಿಣ ಭಾರತದಲ್ಲಿ ಅದರ ಬೇಸಾಯವು ವಾಣಿಜ್ಯದ ಮಟ್ಟದಲ್ಲಿ ವಿಸ್ತಾರಗೊಂಡುದು 19ನೆಯ ಶತಮಾನದಲ್ಲಿ. 1537ರ ಹೊತ್ತಿಗೆ ಸಮುದ್ರತೀರದಿಂದ ಇಷ್ಟು ದೂರದ ಬೆಂಗಳೂರಿನ ಸುತ್ತಣ ಐದಾರು ಗ್ರಾಮಗಳು ಅದನ್ನೇ ಮುಖ್ಯ ಬೆಳೆಯಾಗಿ ಬೆಳೆಯುತ್ತಿದ್ದುವೆಂದು ನಂಬುವುದು ಕಷ್ಟ. ನಮ್ಮ ಭಾಷೆಯೇ ಇದಕ್ಕೆ ಸಾಕ್ಷಿ ಹೇಳುತ್ತದೆ. ‘ಕಡಲೆ’ ಎಂಬುದು ನಮ್ಮಲ್ಲಿ ಪ್ರಾಚೀನವಾಗಿದ್ದ ಬೇರೊಂದು ಕಾಳಿನ ಹೆಸರು. ಹೊಸದಾಗಿ ಬಂದ ಬೆಳೆಗೆ ಸ್ವಂತದ ಹೆಸರಿಲ್ಲದೆ, ಪರಿಚಿತವಾದ ಕಾಳಿನ ಹೆಸರನ್ನೇ ಕೊಟ್ಟು ‘ಕಡಲೆಕಾಯಿ’ ಎಂದೂ ‘ನೆಲಗಡಲೆ’ ಎಂದೂ ಕರೆದರು.

ಹಾಗಾದರೆ ಪರಿಷೆಯ ಪ್ರಾಚೀನತೆ ಸುಳ್ಳೆ? ಹಾಗೆಂದು ತೀರ್ಮಾನಿಸುವುದೂ ಆತುರದ ಮಾತಾದೀತು. ಇಲ್ಲಿ ತಿಥಿಯು ನಮ್ಮ ನೆರವಿಗೆ ಬರುತ್ತದೆ. ಕಾರ್ತಿಕ ಸೋಮವಾರಗಳು ಶಿವಾರಾಧನೆಗೆ ಮೀಸಲಾದುವು. ಕಡೆಯ ಸೋಮವಾರವಂತೂ ನಾಡಿನ ಅನೇಕ ಶಿವಾಲಯಗಳಲ್ಲಿ ವಿಶೇಷಪೂಜೆಯ ದಿನ. ಶಿವನ ವಾಹನವಾದ ನಂದಿಯ ಗುಡಿಯಲ್ಲಿ ಅಂದು ಜನ ನೆರೆಯುವುದಕ್ಕೆ ಕಡಲೆಕಾಯಿಯ ನೆಪವೇ ಬೇಕಾಗಿಲ್ಲ. ಮಳೆಯಾಶ್ರಯದ ಕಡಲೆಕಾಯಿಯನ್ನು ಕಿತ್ತು ಒಣಗಿಸಿ ಮಾರಾಟಕ್ಕೆ ಸಿದ್ಧಪಡಿಸುವುದೂ ಸರಿಸುಮಾರು ಇದೇ ಕಾಲಕ್ಕೆ. ಆದಕಾರಣ, ಮೊದಲಿನಿಂದ ನಡೆಯುತ್ತಿದ್ದ ಕಾರ್ತಿಕ ಸೋಮವಾರದ ಜಾತ್ರೆಯೊಂದಕ್ಕೆ ಕಾಲಾನುಕ್ರಮದಲ್ಲಿ ಹೊಸ ಬೆಳೆಯು ಬಂದು ಸೇರಿತೆಂದೂ, ಕ್ರಮೇಣ ಬೆಳೆಯ ಹೆಸರೇ ಜಾತ್ರೆಯ ಹೆಸರಾಯಿತೆಂದೂ, ಅನಂತರ ಹೆಸರನ್ನು ಸಮರ್ಥಿಸಲು ಕಥೆ ಹುಟ್ಟಿತೆಂದೂ ಊಹಿಸುವುದು ಹೆಚ್ಚು ಯುಕ್ತವಾಗಿ ತೋರುತ್ತದೆ. ಇದು ಊಹೆಯೇ ಹೊರತು ಸಿದ್ಧಾಂತವಲ್ಲ. ಆದರೆ ಐತಿಹ್ಯವನ್ನು ಕುರುಡಾಗಿ ನಂಬುವುದು, ಅದನ್ನು ಪೂರ್ತಿಯಾಗಿ ತಳ್ಳಿಹಾಕುವುದು ಎಂಬ ಎರಡು ಅತಿರೇಕಗಳನ್ನೂ ಇದು ಪರಿಹರಿಸುತ್ತದೆ.

ಕಥೆಯಲ್ಲಿ ಸಂಶಯಕ್ಕೆ ಎಡೆಯಿಲ್ಲದ ಒಂದು ಭಾಗವುಂಟು. ಅದು ಗ್ರಾಮಗಳ ಪಟ್ಟಿ. 1892ರಿಂದೀಚೆಗೆ ಚಾಮರಾಜಪೇಟೆಯೂ ಬಸವನಗುಡಿಯೂ ಬಡಾವಣೆಗಳಾಗಿ ರೂಪುಗೊಂಡುವು. 1898ರ ಪ್ಲೇಗು ಪೇಟೆಯ ಇಕ್ಕಟ್ಟಾದ ಕೇರಿಗಳಿಂದ ಜನರನ್ನು ಹೊರಕ್ಕೆ ಅಟ್ಟಿತು. ಗಾಳಿ ಬೆಳಕುಗಳಿಗೆ ಅವಕಾಶವಿರುವ ಅಗಲವಾದ ರಸ್ತೆಗಳ ಬಡಾವಣೆಗಳು ಹೊಲಗಳಿದ್ದ ಕಡೆ ಬೆಳೆದುವು. ಇಂದು ಮಾವಳ್ಳಿಯೂ ಗುಟ್ಟಹಳ್ಳಿಯೂ ‘ಹಳ್ಳಿ’ ಎಂಬುದನ್ನು ಹೆಸರಿನ ಕೊನೆಯಲ್ಲಿ ಮಾತ್ರ ಉಳಿಸಿಕೊಂಡಿವೆ. ಪರಿಷೆಗೆ ಬರುವ ಕಡಲೆಕಾಯಿ ಕೋಲಾರ, ಚಿಂತಾಮಣಿ, ಮಾಗಡಿಗಳ ಕಡೆಯಿಂದಲೂ ತಮಿಳುನಾಡು, ಆಂಧ್ರಗಳಿಂದಲೂ ಬರುತ್ತದೆ. ಹರಕೆ ಹೊತ್ತ ರೈತನ ಹೊಲವೇ ಇಲ್ಲವಾಗಿರುವಾಗ ಹರಕೆ ಮಾತ್ರ ತಪ್ಪದೆ ಸಲ್ಲುತ್ತಿದೆ. ಪರಿಷೆಯ ದಿನ ಗುಡಿಯ ಮುಂದಿನ ರಸ್ತೆಯ ಎರಡು ಪಾರ್ಶ್ವಗಳಲ್ಲಿಯೂ ರಾಶಿ ಬೀಳುವ ಕಾಯಿಯನ್ನು ಸೇರಿನಲ್ಲಿ ಅಳೆಯಿಸಿಕೊಂಡು ಕೊಳ್ಳುವ ನಗರವಾಸಿಗೆ, ತಾನು ನಿಂತ ನೆಲ ಒಂದು ಕಾಲದಲ್ಲಿ ಉತ್ತ ನೆಲವಾಗಿತ್ತೆಂದು ನೆನಪು ಮಾಡಿಕೊಡುವ ಬೇರೆ ಕುರುಹು ಹತ್ತಿರದಲ್ಲಿ ಕಾಣುವುದಿಲ್ಲ.

3. ದಂಡಿನ ಹಬ್ಬ

ಬೆಂಗಳೂರು ಒಂದು ನಗರವಲ್ಲ, ಎರಡು ನಗರಗಳು ಕೂಡಿದ್ದು ಎಂಬುದನ್ನು ಮರೆಯಲಾಗದು. 1809ರಲ್ಲಿ ಬ್ರಿಟಿಷರ ದಂಡು ಹಲಸೂರಿನ ಕಡೆ ನೆಲೆಗೊಂಡಿತು. 1862ರಿಂದ ಪೇಟೆಗೂ ದಂಡಿಗೂ ಬೇರೆ ಬೇರೆ ಪುರಸಭೆಗಳು ಏರ್ಪಟ್ಟುವು. 1881ರಲ್ಲಿ ಮೈಸೂರು ರಾಜ್ಯವು ಒಡೆಯರ ಮನೆತನಕ್ಕೆ ಹಿಂದಿರುಗಿದಾಗಲೂ ದಂಡು ಪ್ರದೇಶ ಬ್ರಿಟಿಷರ ಕೈಯಲ್ಲಿಯೇ ಉಳಿಯಿತು. ಎರಡೂ ಒಂದೇ ನಗರಸಭೆಯ ಆಡಳಿತಕ್ಕೆ ಒಳಪಟ್ಟುದು 1949ರಲ್ಲಿ. ಈ ಇನ್ನೊಂದು ನಗರಕ್ಕೂ ತನ್ನದೇ ಆದ ಉತ್ಸವ ಉಂಟು. ಶಿವಾಜಿನಗರದ ಸಂತ ಮೇರಿಯಮ್ಮನವರ ದೇವಾಲಯದಲ್ಲಿ ಆಗಸ್ಟ್ ಕೊನೆಯಲ್ಲಿ ಧ್ವಜಾರೋಹಣವಾಗಿ, ಸೆಪ್ಟೆಂಬರ್ 8ರಂದು ತೇರಿನ ಮೆರವಣಿಗೆಯೊಡನೆ ಮುಗಿಯುವ ಹಬ್ಬವೇ ಅದು. ಈಗಿನ ಗಾಥಿಕ್ ಶೈಲಿಯ ಕಟ್ಟಡವು ಪ್ರತಿಷ್ಠಿತವಾದುದೂ 1882ರ ಸೆಪ್ಟೆಂಬರ್ 8ರಂದೇ.

ಇಲ್ಲಿಯೂ ನಮ್ಮ ಮೂರು ಪ್ರಶ್ನೆಗಳು ಫಲಕಾರಿಯಾಗುತ್ತವೆ. ಹಬ್ಬದಲ್ಲಿ ತಮಿಳು ಭಾಷೆಗೆ ದೊರೆಯುವ ಸ್ಥಾನವು, ದಂಡಿನ ಕಸುಬುಗಳನ್ನು ಅರಸಿ ತಮಿಳು ಸೀಮೆಯಿಂದ ವಲಸೆ ಬಂದ ಜನರ ಚರಿತ್ರೆಯನ್ನು ಸೂಚಿಸುತ್ತದೆ. ಕಾವಿಬಟ್ಟೆ ಉಟ್ಟು ಬರುವ ಭಕ್ತರಲ್ಲಿ, ಮೇಣದಬತ್ತಿ ಹಚ್ಚಿ ಹರಕೆ ತೀರಿಸುವವರಲ್ಲಿ ಕ್ರೈಸ್ತರಲ್ಲದವರೂ ಅನೇಕರು. ಇಲ್ಲಿನ ಮೇರಿಯು ಆರೋಗ್ಯಮಾತೆಯೆಂದು ಪ್ರಸಿದ್ಧಳಾದುದಕ್ಕೆ 1898ರ ಪ್ಲೇಗಿನ ಕಾಲದ ಭಕ್ತಿಯನ್ನು ಕಾರಣವಾಗಿ ಹೇಳುವರು. ಅದೇ ಪ್ಲೇಗು ನಗರದ ಹಲವು ಕಡೆಗಳಲ್ಲಿ ಪ್ಲೇಗಮ್ಮನ ಗುಡಿಗಳಿಗೂ ಕಾರಣವಾಯಿತು. ಪೇಟೆಗೂ ದಂಡಿಗೂ ಆಡಳಿತ ಬೇರೆಯಾಗಿತ್ತು, ಭಾಷೆ ಬೇರೆಯಾಗಿತ್ತು, ದೇವರ ಹೆಸರು ಬೇರೆಯಾಗಿತ್ತು. ಭಯ ಮಾತ್ರ ಒಂದೇ ಆಗಿತ್ತು.

4. ಸರ್ಕಾರದ ಮತ್ತು ನಾಗರಿಕರ ಉತ್ಸವಗಳು

ಮೇಲೆ ಹೇಳಿದ ಮೂರೂ ದೈವಸಂಬಂಧವಾದ ಉತ್ಸವಗಳು. ಇವುಗಳಿಂದ ಭಿನ್ನವಾದುದು ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ. ಹೈದರ್ ಅಲಿಯು 1760ರಲ್ಲಿ ಆರಂಭಿಸಿದ ಈ ತೋಟವು 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. ಲಂಡನ್ನಿನ ಸ್ಫಟಿಕಭವನದ ಮಾದರಿಯನ್ನು ಅನುಸರಿಸಿದ ಇಲ್ಲಿನ ಗಾಜಿನಮನೆಗೆ 1889ರಲ್ಲಿ ಆಲ್ಬರ್ಟ್ ವಿಕ್ಟರ್ ರಾಜಕುಮಾರನು ಅಸ್ತಿಭಾರ ಹಾಕಿದನು; ಆಗ ತೋಟದ ಮೇಲ್ವಿಚಾರಕನಾಗಿದ್ದವನು ಜಾನ್ ಕ್ಯಾಮರಾನ್. ಪ್ರದರ್ಶನವು ಈಗ ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವಗಳ ಸಂದರ್ಭಗಳಲ್ಲಿ ವರ್ಷಕ್ಕೆ ಎರಡು ಬಾರಿ ನಡೆಯುತ್ತದೆ. ಈ ದಿನಗಳ ಸಂಬಂಧ 1947 ಮತ್ತು 1950ಕ್ಕಿಂತ ಹಿಂದಿನದಾಗಿರಲಾರದೆಂಬುದು ಸ್ವಯಂವೇದ್ಯ. ಸಾಮ್ರಾಜ್ಯದ ರಾಜಕುಮಾರನು ಅಸ್ತಿಭಾರವಿಟ್ಟ ಮಂದಿರದಲ್ಲಿ ಗಣರಾಜ್ಯವು ತನ್ನ ದಿನವನ್ನು ಹೂವಿನಿಂದ ಆಚರಿಸುತ್ತದೆ. ಕಟ್ಟಡ ಹಳೆಯದು, ತಿಥಿ ಹೊಸದು. ಇದೇ ತೋಟಗಾರಿಕೆ ಪರಂಪರೆಯಿಂದ ತಿಗಳರ ಕಸುಬಾಗಿದ್ದುದನ್ನು ನೆನೆದರೆ, ಕರಗದ ಮಲ್ಲಿಗೆಗೂ ಗಾಜಿನಮನೆಯ ಪುಷ್ಪಗಳಿಗೂ ನಡುವಣ ದೂರ ತೋರುವಷ್ಟಿಲ್ಲವೆಂದು ಅರಿವಾಗುತ್ತದೆ.

ನಾಗರಿಕರ ಸಂಘಟನೆಯಿಂದಲೇ ಹುಟ್ಟಿದ ಉತ್ಸವಕ್ಕೆ ಶ್ರೀರಾಮನವಮಿಯ ಸಂಗೀತೋತ್ಸವವು ಉತ್ತಮ ಉದಾಹರಣೆ. ಚಾಮರಾಜಪೇಟೆಯಲ್ಲಿ ಎಸ್. ವಿ. ನಾರಾಯಣಸ್ವಾಮಿರಾಯರು 1939ರಲ್ಲಿ ಸ್ಥಾಪಿಸಿದ ಶ್ರೀರಾಮಸೇವಾ ಮಂಡಲಿಯು ಕೋಟೆ ಪ್ರೌಢಶಾಲೆಯ ಆವರಣದಲ್ಲಿ ನಡೆಸಿಕೊಂಡು ಬಂದ ಈ ಉತ್ಸವವು, ಅರಮನೆಯ ಆಶ್ರಯದಲ್ಲಿ ಬೆಳೆದ ಸಂಗೀತವನ್ನು ಚಪ್ಪರದ ಕೆಳಗಿನ ಸಾಮಾನ್ಯ ಶ್ರೋತೃವಿಗೆ ತಲುಪಿಸಿತು. ಪಾನಕ ಕೋಸಂಬರಿಗಳ ಹಬ್ಬಕ್ಕೆ ಕಚೇರಿಯೂ ಸೇರಿಕೊಂಡಿತು. ಈ ಶತಮಾನದಲ್ಲಿ ಕುಮಾರಕೃಪಾ ರಸ್ತೆಯಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತು ಏರ್ಪಡಿಸುತ್ತ ಬಂದಿರುವ ಚಿತ್ರಸಂತೆಯೂ ಇದೇ ಜಾತಿಯದು. ಜಾತ್ರೆಯ ಹಳೆಯ ರೂಪವನ್ನು ಹೊಸ ಪ್ರಯೋಜನಕ್ಕೆ ಒದಗಿಸಿಕೊಂಡದ್ದು.

5. ಉಪಸಂಹಾರ

ಮೇಲಣ ಪರಿಶೀಲನೆಯಿಂದ ಒಂದು ಅಂಶ ಸ್ಪಷ್ಟವಾಗುತ್ತದೆ. ಒಂದೇ ನಗರದಲ್ಲಿ ಹಲವು ಕಾಲಗಣನೆಗಳು ಜೊತೆಜೊತೆಯಾಗಿ ನಡೆಯುತ್ತಿವೆ. ಪೇಟೆ ಮತ್ತು ಸುತ್ತಣ ಗ್ರಾಮಗಳು ಚಾಂದ್ರಮಾನವನ್ನೂ, ದಂಡಿನ ಹಬ್ಬವು ಕ್ರೈಸ್ತಧರ್ಮದ ಪಂಚಾಂಗವನ್ನೂ, ದರ್ಗಾಗಳ ಉರುಸುಗಳು ಹಿಜರಿ ಶಕೆಯನ್ನೂ, ಪುಷ್ಪಪ್ರದರ್ಶನವು ರಾಷ್ಟ್ರದ ದಿನಗಳನ್ನೂ ಅನುಸರಿಸುತ್ತವೆ. ಇವುಗಳನ್ನು ಒಂದರ ಮೇಲೊಂದು ಇಟ್ಟು ನೋಡಿದರೆ, ಬೆಂಗಳೂರನ್ನು ಕಟ್ಟಿದ ಜನವರ್ಗಗಳು ಯಾವ ಯಾವ ಕಾಲದಲ್ಲಿ ಇಲ್ಲಿ ನೆಲೆಸಿದುವೆಂಬುದರ ಒಂದು ಸ್ಥೂಲವಾದ ಚಿತ್ರವು ಕಾಣುತ್ತದೆ.

ಈ ಆಕರವು ಶಾಶ್ವತವಲ್ಲ ಎಂಬುದನ್ನೂ ಹೇಳಬೇಕು. 2020 ಮತ್ತು 2021ರಲ್ಲಿ ಮಹಾಸೋಂಕಿನ ಕಾರಣದಿಂದ ಕರಗದ ವಿಧಿಗಳು ಜನಸಂದಣಿಯಿಲ್ಲದೆ ನೆರವೇರಿದುವು. ಪರಂಪರೆ ಮುರಿಯಲಿಲ್ಲ, ಆದರೆ ಅದು ಎಷ್ಟು ಸೂಕ್ಷ್ಮವಾದ ಎಳೆಯ ಮೇಲೆ ನಿಂತಿದೆಯೆಂಬುದು ಆಗ ತಿಳಿಯಿತು. ಶಾಸನದ ಕಲ್ಲು ಮಣ್ಣಿನಲ್ಲಿ ಹೂತಿದ್ದರೂ ಮುಂದೆಂದೋ ಒಂದು ದಿನ ದೊರೆಯಬಹುದು. ಉತ್ಸವವು ಒಮ್ಮೆ ನಿಂತರೆ ಅದನ್ನು ಅಗೆದು ತೆಗೆಯುವುದು ಸಾಧ್ಯವಿಲ್ಲ. ನಡೆಯುತ್ತಿರುವಾಗಲೇ ಅದರ ಮಾರ್ಗ, ಹಕ್ಕುದಾರರು, ವಿಧಿಕ್ರಮ, ಹಿರಿಯರ ನೆನಪಿನಲ್ಲಿರುವ ಮಾರ್ಪಾಡುಗಳು ಇವೆಲ್ಲವನ್ನೂ ಬರೆದಿಡಬೇಕು.

ನಮ್ಮ ಕಾಲೇಜುಗಳ ಚರಿತ್ರೆಯ ವಿದ್ಯಾರ್ಥಿಗಳಿಗೆ ಇದು ಅಸಾಧ್ಯವಾದ ಕಾರ್ಯವಲ್ಲ. ಪ್ರತಿಯೊಬ್ಬನೂ ತನ್ನ ಊರಿನ ಅಥವಾ ಕೇರಿಯ ಒಂದು ಉತ್ಸವವನ್ನು ಆರಿಸಿಕೊಂಡು, ಅದರ ಮಾರ್ಗವನ್ನು ನಡೆದು ನೋಡಿ ನಕ್ಷೆ ಬರೆದು, ಮೇಲೆ ಹೇಳಿದ ಮೂರು ಪ್ರಶ್ನೆಗಳಿಗೆ ಉತ್ತರಗಳನ್ನು ಸಂಗ್ರಹಿಸಿದರೂ ಸಾಕು, ಕೆಲವೇ ವರ್ಷಗಳಲ್ಲಿ ಬೆಲೆಯುಳ್ಳ ಸಾಮಗ್ರಿ ಕೂಡಿಬರುವುದು. ಉತ್ಸವವನ್ನು ನೋಡಿ ಆನಂದಿಸುವುದಕ್ಕೂ ಅದನ್ನು ಪರಿಶೀಲಿಸುವುದಕ್ಕೂ ವಿರೋಧವಿಲ್ಲ. ಚೈತ್ರದ ಹುಣ್ಣಿಮೆಯ ರಾತ್ರಿ ನಿದ್ದೆಗೆಟ್ಟು ಪೇಟೆಯ ಬೀದಿಯಲ್ಲಿ ಕರಗವನ್ನು ಕಾಯುತ್ತ ನಿಂತ ವಿದ್ಯಾರ್ಥಿಯು, ತನ್ನ ಮುಂದೆ ಹಾದುಹೋಗುವುದು ಹೂವಿನ ಕರಗ ಮಾತ್ರವಲ್ಲ, ಇಲ್ಲವಾದ ಒಂದು ಗೋಡೆ, ಒಂದು ಕೆರೆ ಮತ್ತು ಅನೇಕ ತೋಟಗಳ ದಾಖಲೆ ಎಂಬುದನ್ನು ಅರಿತರೆ ಈ ಲೇಖನದ ಶ್ರಮ ಸಾರ್ಥಕ.